ಮೇರಿ ಷೆಲ್ಲಿಯೂ ಆಕೆಯ ‘ಪ್ರಾಸರ್ಪೈನ್’ ನಾಟಕವೂ

ಇಂಗ್ಲಿಷ್ ಸಾಹಿತ್ಯವನ್ನು ಓದುವ ನಮಗೆಲ್ಲ ಷೆಲ್ಲಿ ಕವಿಯು ಚಿರಪರಿಚಿತನು. ಆತನ ಪತ್ನಿಯಾದ ಮೇರಿಯೂ ಒಂದು ರೀತಿಯಲ್ಲಿ ಪರಿಚಿತಳೇ. ‘ಫ್ರಾಂಕನ್‌ಸ್ಟೈನ್’ ಕಾದಂಬರಿಯನ್ನು ಓದದವರು ಕೂಡ ಆ ಹೆಸರಿನ ಚಲನಚಿತ್ರಗಳ ಮೂಲಕ ಅದರೊಳಗಿನ ಭಯಾನಕ ಜೀವಿಯನ್ನು ಬಲ್ಲರು. ಆದರೆ ಆಕೆಯು ಒಂದು ಗ್ರೀಕ್ ಪುರಾಣಕಥೆಯನ್ನು ಆಯ್ದುಕೊಂಡು ನಾಟಕವನ್ನು ರಚಿಸಿದಳೆಂಬುದೂ, ಆ ನಾಟಕದಲ್ಲಿ ದೇವರಾಜನನ್ನೂ ಯಮನನ್ನೂ ರಂಗದ ಹೊರಗೇ ನಿಲ್ಲಿಸಿ, ತಾಯಿ, ಮಗಳು, ಸಖಿಯರು ಇವರಿಗೇ ಮಾತನ್ನು ಕೊಟ್ಟಳೆಂಬುದೂ ಅನೇಕರಿಗೆ ತಿಳಿಯದ ವಿಷಯ. ಆ ನಾಟಕದ ಹೆಸರು ‘ಪ್ರಾಸರ್ಪೈನ್’. ಇಟಲಿಯ ಪೀಸಾ ನಗರದಲ್ಲಿ 1820ರ ವಸಂತದಲ್ಲಿ ಅದು ರಚಿತವಾಯಿತು. ಆಗ ಮೇರಿಗೆ ಇಪ್ಪತ್ತೆರಡು ವರ್ಷ. ಅಷ್ಟು ಚಿಕ್ಕ ಪ್ರಾಯದಲ್ಲಿಯೇ ಆಕೆಯು ಮೂರು ಮಕ್ಕಳನ್ನು ಮಣ್ಣುಮಾಡಿದ್ದಳು. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದದಿದ್ದರೆ ‘ಪ್ರಾಸರ್ಪೈನ್’ ಮಕ್ಕಳಿಗಾಗಿ ಬರೆದ ಒಂದು ಚೆಲುವಾದ ಪದ್ಯನಾಟಕದಂತೆ ಮಾತ್ರ ಕಂಡೀತು. ಬಹುಕಾಲ ವಿದ್ವಾಂಸರಿಗೆ ಅದು ಹಾಗೆಯೇ ಕಂಡಿತು.

ಮೇರಿಯು ಜನಿಸಿದ್ದು 1797ನೆಯ ಇಸವಿ ಆಗಸ್ಟ್ 30ರಂದು, ಲಂಡನ್ ನಗರದ ಸೋಮರ್ಸ್ ಟೌನಿನಲ್ಲಿ. ತಾಯಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್. ಸ್ತ್ರೀಯರ ಹಕ್ಕುಗಳನ್ನು ಸಮರ್ಥಿಸಿ 1792ರಲ್ಲಿ ಗ್ರಂಥ ಬರೆದು ಯೂರೋಪನ್ನೇ ಬೆಚ್ಚಿಬೀಳಿಸಿದ ಧೀರೆ. ತಂದೆ ವಿಲಿಯಂ ಗಾಡ್ವಿನ್, ರಾಜಕೀಯ ನ್ಯಾಯವನ್ನು ಕುರಿತು ಬರೆದ ತತ್ತ್ವಜ್ಞಾನಿ. ಮಗಳು ಹುಟ್ಟಿದ ಹನ್ನೊಂದನೆಯ ದಿನ, ಸೆಪ್ಟೆಂಬರ್ 10ರಂದು, ತಾಯಿಯು ಬಾಣಂತಿಜ್ವರದಿಂದ ತೀರಿಕೊಂಡಳು. ತಾಯಿಯ ಮುಖವನ್ನು ಕಂಡ ನೆನಪೇ ಇಲ್ಲದ ಈ ಹುಡುಗಿಯು ಸೇಂಟ್ ಪ್ಯಾಂಕ್ರಾಸ್ ಸ್ಮಶಾನದಲ್ಲಿ ಆಕೆಯ ಗೋರಿಯ ಬಳಿ ಕುಳಿತು ಪುಸ್ತಕಗಳನ್ನು ಓದುತ್ತಿದ್ದಳು. ತಾಯಿಯ ಹೆಸರೇ ಮಗಳ ಹೆಸರು. ಗೋರಿಗಲ್ಲಿನ ಮೇಲೆ ತನ್ನ ಹೆಸರನ್ನೇ ಓದುತ್ತ ಬೆಳೆದ ಮಗು ಎಂದರೂ ಸಲ್ಲುತ್ತದೆ.

ಗಾಡ್ವಿನ್ 1801ರಲ್ಲಿ ಮರುಮದುವೆಯಾದನು. ಮಲತಾಯಿಯು ತನ್ನ ಮಕ್ಕಳಿಬ್ಬರನ್ನು ಕರೆತಂದಳು; ಅವರಲ್ಲಿ ಜೇನ್ ಎಂಬ ಹುಡುಗಿಯೇ ಮುಂದೆ ಕ್ಲೇರ್ ಎಂದು ಹೆಸರಾದವಳು. ಆಕೆಯ ಕಥೆ ನಮ್ಮ ಕಥೆಯೊಳಗೆ ಮತ್ತೆ ಬರುತ್ತದೆ. ಮನೆಯಲ್ಲಿ ಮಕ್ಕಳ ಪುಸ್ತಕಗಳನ್ನು ಪ್ರಕಟಿಸಿ ಮಾರುವ ವ್ಯಾಪಾರವಿತ್ತು. ಗಾಡ್ವಿನ್ ತನ್ನ ಸ್ವಂತ ಹೆಸರು ಹಾಕಿದರೆ ಸಂಪ್ರದಾಯಸ್ಥರು ಕೊಳ್ಳಲಾರರೆಂದು ಎಡ್ವರ್ಡ್ ಬಾಲ್ಡ್ವಿನ್ ಎಂಬ ಕಲ್ಪಿತ ನಾಮದಿಂದ ಬರೆಯುತ್ತಿದ್ದನು. ಹಾಗೆ 1806ರಲ್ಲಿ ಹೊರಬಂದ ‘ಪ್ಯಾಂಥಿಯನ್’ ಎಂಬ ಪುಸ್ತಕವು ಗ್ರೀಸ್ ಮತ್ತು ರೋಮಿನ ದೇವದೇವಿಯರ ಕಥೆಗಳನ್ನು ಎಳೆಯರಿಗೆ ಹೇಳುತ್ತದೆ. ನಮ್ಮ ಮನೆಗಳಲ್ಲಿ ಮಕ್ಕಳು ರಾಮಾಯಣ ಭಾರತಗಳ ಕಥೆಯನ್ನು ಅಜ್ಜಿಯಿಂದ ಕೇಳಿದಂತೆ ಮೇರಿಯು ಗ್ರೀಕ್ ಪುರಾಣವನ್ನು ತಂದೆಯ ಅಂಗಡಿಯಲ್ಲಿಯೇ ಪಡೆದಳು. ಮುಂದೆ ತನ್ನ ಪ್ರಸಿದ್ಧ ಕಾದಂಬರಿಗೆ ಆಧುನಿಕ ಪ್ರೊಮಿಥಿಯಸ್ ಎಂಬ ಉಪನಾಮವನ್ನು ಕೊಟ್ಟವಳು ಇಂಥ ಮನೆಯಲ್ಲಿ ಬೆಳೆದವಳೆಂಬುದು ಸಹಜವಾಗಿಯೇ ಇದೆ.

ಷೆಲ್ಲಿಯೊಡನೆ ಆಕೆಯು ಮನೆ ಬಿಟ್ಟು ಹೋದದ್ದು 1814ರ ಜುಲೈ 28ರಂದು. ಆತನಿಗೆ ಆಗಲೇ ಹೆಂಡತಿಯೂ ಮಗುವೂ ಇದ್ದರು. ಈ ಪ್ರಕರಣದಲ್ಲಿ ಯಾರು ತಪ್ಪಿತಸ್ಥರೆಂಬ ವಾದವು ಇಂದಿಗೂ ಮುಗಿದಿಲ್ಲ. ಆ ವಾದಕ್ಕೆ ನಾವು ಇಳಿಯುವುದು ಬೇಡ. ಮೊದಲ ಪತ್ನಿ ಹ್ಯಾರಿಯೆಟ್ 1816ರ ಕೊನೆಯಲ್ಲಿ ನೀರಿಗೆ ಬಿದ್ದು ಸತ್ತಳು. ಅದೇ ಡಿಸೆಂಬರ್ 30ರಂದು ಮೇರಿಗೂ ಷೆಲ್ಲಿಗೂ ವಿವಾಹವಾಯಿತು. ಹ್ಯಾರಿಯೆಟ್ಟಳ ಮಕ್ಕಳಿಬ್ಬರನ್ನು ಷೆಲ್ಲಿಯ ವಶಕ್ಕೆ ಕೊಡಲು ಚಾನ್ಸರಿ ನ್ಯಾಯಾಲಯವು 1817ರಲ್ಲಿ ನಿರಾಕರಿಸಿತು. ಮಕ್ಕಳು ಯಾರಿಗೆ ಸೇರಬೇಕೆಂಬ ಪ್ರಶ್ನೆಯು ಈ ಸಂಸಾರದ ಬಾಗಿಲಲ್ಲಿ ಮೊದಲಿನಿಂದಲೂ ಕಾದು ಕುಳಿತಂತಿತ್ತು.

ಮೇರಿಯ ಮೊದಲ ಹೆಣ್ಣುಕೂಸು 1815ರ ಫೆಬ್ರವರಿಯಲ್ಲಿ ದಿನ ತುಂಬುವ ಮೊದಲೇ ಹುಟ್ಟಿ, ಎರಡು ವಾರಗಳೂ ತುಂಬದೆ, ಹೆಸರಿಡುವುದಕ್ಕೆ ಮುಂಚೆಯೇ ಹೋಯಿತು. ಮರುವರ್ಷ ವಿಲಿಯಂ ಎಂಬ ಗಂಡುಮಗುವೂ, 1817ರಲ್ಲಿ ಕ್ಲಾರಾ ಎಂಬ ಹೆಣ್ಣುಮಗುವೂ ಜನಿಸಿದುವು. ‘ಫ್ರಾಂಕನ್‌ಸ್ಟೈನ್’ 1818ರ ಜನವರಿ 1ರಂದು ಲೇಖಕಿಯ ಹೆಸರಿಲ್ಲದೆ ಪ್ರಕಟವಾಯಿತು. ಅದರ ಕಥೆ ಎಲ್ಲರಿಗೂ ತಿಳಿದದ್ದೇ ಆದ್ದರಿಂದ ಇಲ್ಲಿ ಬಿಟ್ಟಿದ್ದೇನೆ. ಅದೇ ವರ್ಷ ದಂಪತಿಗಳು ಮಕ್ಕಳನ್ನೂ ಕ್ಲೇರಳನ್ನೂ ಕರೆದುಕೊಂಡು ಇಟಲಿಗೆ ಹೊರಟರು.

ಈಗ ಕ್ಲೇರಳ ವಿಷಯ. ಬೈರನ್ ಕವಿಯಿಂದ ಆಕೆಗೆ ಅಲೆಗ್ರಾ ಎಂಬ ಮಗಳು 1817ರಲ್ಲಿ ಹುಟ್ಟಿದ್ದಳು. ಮಗುವನ್ನು ತನಗೆ ಒಪ್ಪಿಸಿದರೆ ಸಾಕುತ್ತೇನೆಂದು ಬೈರನ್ ಹೇಳಿದನು. ಶ್ರೀಮಂತನಾದ ತಂದೆಯ ಬಳಿ ಮಗಳು ಸುಖವಾಗಿರುವಳೆಂದು ನಂಬಿದ ಕ್ಲೇರ್ 1818ರ ವಸಂತದಲ್ಲಿ ಕೂಸನ್ನು ವೆನಿಸ್ಸಿಗೆ ಕಳುಹಿಸಿಕೊಟ್ಟಳು. ಅಂದಿನಿಂದ ಮಗಳನ್ನು ಕಾಣಲು ತಾಯಿಯು ಬೇಡಬೇಕಾಯಿತು. ಆಕೆಗೆ ಮಗಳನ್ನು ತೋರಿಸಬೇಕೆಂದು ಷೆಲ್ಲಿಯು ಬೈರನ್ನನಲ್ಲಿ ಒಂದು ಸುಳ್ಳು ಹೇಳಿದನು: ತನ್ನ ಸಂಸಾರವೆಲ್ಲ ಸಮೀಪದ ಪಾಡುವಾದಲ್ಲಿಯೇ ಇದೆಯೆಂದು. ಸುಳ್ಳನ್ನು ನಿಜಮಾಡಲು ದೂರದಲ್ಲಿದ್ದ ಮೇರಿಗೆ ಕೂಡಲೆ ಹೊರಟು ಬರುವಂತೆ ಓಲೆ ಹೋಯಿತು. ಆಗಸ್ಟಿನ ಬಿಸಿಲಿನಲ್ಲಿ, ದಿನಗಟ್ಟಲೆ ಗಾಡಿಯ ಪ್ರಯಾಣ. ಕಂಕುಳಲ್ಲಿ ವರ್ಷ ತುಂಬದ ಕ್ಲಾರಾ. ಮಗುವಿಗೆ ದಾರಿಯಲ್ಲಿಯೇ ಭೇದಿ ಹತ್ತಿತು. ಸೆಪ್ಟೆಂಬರ್ 24ರಂದು ವೆನಿಸ್ಸಿನಲ್ಲಿ ಅದು ತಾಯಿಯ ತೋಳಿನಲ್ಲಿ ಪ್ರಾಣ ಬಿಟ್ಟಿತು. ಒಬ್ಬ ತಾಯಿಗೆ ಮಗಳನ್ನು ತೋರಿಸಹೋಗಿ ಇನ್ನೊಬ್ಬ ತಾಯಿಯು ಮಗಳನ್ನು ಕಳೆದುಕೊಂಡಳು. ಷೆಲ್ಲಿಯನ್ನು ಗಂಧರ್ವನಂತೆ ಚಿತ್ರಿಸುವ ಜೀವನಚರಿತ್ರೆಗಳು ಈ ಪ್ರಯಾಣವನ್ನು ಒಂದೆರಡು ವಾಕ್ಯಗಳಲ್ಲಿ ದಾಟಿಬಿಡುತ್ತವೆ. ದಾಟತಕ್ಕ ವಿಷಯ ಇದಲ್ಲವೆಂದು ನನ್ನ ಅಭಿಪ್ರಾಯ.

ಒಂಬತ್ತು ತಿಂಗಳೊಳಗಾಗಿ, 1819ರ ಜೂನ್ 7ರಂದು, ಮೂರು ವರ್ಷದ ವಿಲಿಯಂ ರೋಮ್ ನಗರದಲ್ಲಿ ಜ್ವರದಿಂದ ಮಡಿದನು. ಮೇರಿಯು ಮಂಕಾದಳು. ಗಂಡನೊಡನೆ ಮಾತೂ ಕಡಿಮೆಯಾಯಿತು. ತಂದೆಯಾದ ಗಾಡ್ವಿನ್ ಸಾಂತ್ವನ ಹೇಳುವ ಬದಲು, ದುಃಖಕ್ಕೆ ಹೀಗೆ ವಶವಾಗುವುದು ಸಾಮಾನ್ಯ ಜನರ ಲಕ್ಷಣವೆಂದೂ, ಹೀಗೆಯೇ ಇದ್ದರೆ ಹತ್ತಿರದವರ ಪ್ರೀತಿಯನ್ನೂ ಕಳೆದುಕೊಳ್ಳುವೆಯೆಂದೂ ಕಾಗದ ಬರೆದನು. ತತ್ತ್ವಜ್ಞಾನಿಗಳು ಬುದ್ಧಿ ಹೇಳುವುದರಲ್ಲಿ ಬಹಳ ಸಮರ್ಥರು! ಆ ವರ್ಷ ನವೆಂಬರಿನಲ್ಲಿ ಫ್ಲಾರೆನ್ಸ್ ನಗರದಲ್ಲಿ ಗಂಡುಮಗು ಹುಟ್ಟಿತು. ಊರಿನ ಹೆಸರನ್ನೇ ಸೇರಿಸಿ ಪರ್ಸಿ ಫ್ಲಾರೆನ್ಸ್ ಎಂದು ಕರೆದರು. ಆಕೆಯ ಮಕ್ಕಳಲ್ಲಿ ಬದುಕಿ ಉಳಿದವನು ಇವನೊಬ್ಬನೇ.

ಪೀಸಾಕ್ಕೆ ಅವರು ಬಂದದ್ದು 1820ರ ಜನವರಿಯಲ್ಲಿ. ಅಲ್ಲಿ ಮಿಸೆಸ್ ಮೇಸನ್ ಎಂಬ ಹೆಸರಿನಿಂದ ವಾಸಿಸುತ್ತಿದ್ದ ಒಬ್ಬ ಎತ್ತರದ ಐರಿಷ್ ಮಹಿಳೆಯು ಅವರಿಗೆ ಆಪ್ತಳಾದಳು. ಆಕೆಯು ನಿಜವಾಗಿ ಲೇಡಿ ಮೌಂಟ್ ಕ್ಯಾಷಲ್. ಬಾಲ್ಯದಲ್ಲಿ ಮೇರಿಯ ತಾಯಿಯಾದ ವುಲ್‌ಸ್ಟನ್‌ಕ್ರಾಫ್ಟಳಿಂದಲೇ ಪಾಠ ಹೇಳಿಸಿಕೊಂಡವಳು. ಇಷ್ಟವಿಲ್ಲದ ಗಂಡನನ್ನು ಬಿಟ್ಟು ಬಂದಾಗ ಆಕೆಯು ತಾನು ಹೆತ್ತ ಮಕ್ಕಳನ್ನೂ ಬಿಟ್ಟು ಬರಬೇಕಾಯಿತು. ಏಕೆಂದರೆ ಅಂದಿನ ಇಂಗ್ಲಿಷ್ ಕಾನೂನಿನ ಪ್ರಕಾರ ವಿವಾಹದಲ್ಲಿ ಹುಟ್ಟಿದ ಮಕ್ಕಳು ಸಂಪೂರ್ಣವಾಗಿ ತಂದೆಯ ಸ್ವತ್ತು. ಹೀಗೆ ಆ ವಸಂತದಲ್ಲಿ ಪೀಸಾದಲ್ಲಿ ಒಡನಾಡುತ್ತಿದ್ದ ಮೂವರು ಸ್ತ್ರೀಯರನ್ನು ಊಹಿಸಿಕೊಳ್ಳಿರಿ. ಒಬ್ಬಳ ಮಕ್ಕಳನ್ನು ಮೃತ್ಯುವು ಕೊಂಡೊಯ್ದಿತ್ತು. ಇನ್ನೊಬ್ಬಳ ಮಕ್ಕಳನ್ನು ಕಾನೂನು ಇಟ್ಟುಕೊಂಡಿತ್ತು. ಮೂರನೆಯವಳಾದ ಕ್ಲೇರ್ ಅಲೆಗ್ರಾಳನ್ನು ಬೇಸಗೆಯ ಕೆಲವು ದಿನಗಳಾದರೂ ಕಳುಹಿಸಿಕೊಡೆಂದು ಬೈರನ್ನನಿಗೆ ಓಲೆಯ ಮೇಲೆ ಓಲೆ ಬರೆಯುತ್ತಿದ್ದಳು. ಬೈರನ್ ಕೊಡಲಿಲ್ಲ. ಷೆಲ್ಲಿಯ ಮನೆಯಲ್ಲಿ ಮಕ್ಕಳು ಬದುಕುವುದಿಲ್ಲವೆಂಬುದೂ, ಅಲ್ಲಿ ಮಾಂಸಾಹಾರವಿಲ್ಲದೆ ಹಸಿದು ಕಾಯಿಪಾಯಿ ತಿಂದು ಮಗು ಸತ್ತೀತೆಂಬುದೂ, ನಾಸ್ತಿಕತೆಯನ್ನು ಕಲಿತೀತೆಂಬುದೂ ಆತನ ಆಕ್ಷೇಪಣೆ.

ಇಂಥ ದಿನಗಳಲ್ಲಿ ಮೇರಿಯು ಕೈಗೆತ್ತಿಕೊಂಡ ಕಥೆಯು ಯಾವುದೆಂದರೆ, ಭೂದೇವತೆಯೊಬ್ಬಳು ತನ್ನ ಮಗಳನ್ನು ಕಳೆದುಕೊಂಡ ಕಥೆ.

ಗ್ರೀಕರು ಈ ತಾಯಿಯನ್ನು ಡಿಮೀಟರ್ ಎಂದೂ ಮಗಳನ್ನು ಪರ್ಸೆಫೊನೀ ಎಂದೂ ಕರೆದರು. ರೋಮನರಲ್ಲಿ ಅವರೇ ಸೀರಿಸ್ ಮತ್ತು ಪ್ರಾಸರ್ಪೈನ್. ಸೀರಿಸ್ ಧಾನ್ಯದ ಅಧಿದೇವತೆ. ಪಾತಾಳದ ಒಡೆಯನಾದ ಪ್ಲೂಟೋ, ಎಂದರೆ ಅವರ ಯಮ, ಸಿಸಿಲಿ ದ್ವೀಪದ ಎನ್ನ ಎಂಬ ಬಯಲಿನಲ್ಲಿ ಹೂ ಕೊಯ್ಯುತ್ತಿದ್ದ ಹುಡುಗಿಯನ್ನು ರಥದಲ್ಲಿ ಹೊತ್ತೊಯ್ಯುತ್ತಾನೆ. ತಾಯಿಯು ಪಂಜು ಹಿಡಿದು ಭೂಮಿಯನ್ನೆಲ್ಲ ಅರಸುತ್ತಾಳೆ. ಪೈರು ಬೆಳೆಯುವುದು ನಿಲ್ಲುತ್ತದೆ. ಕೊನೆಗೆ ದೇವರಾಜನಾದ ಜೋವ್ ಮಗಳನ್ನು ಹಿಂದಕ್ಕೆ ಬಿಡಲು ಒಪ್ಪುತ್ತಾನಾದರೂ ಪಾತಾಳದಲ್ಲಿ ಆಕೆಯು ದಾಳಿಂಬೆಯ ಬೀಜಗಳನ್ನು ತಿಂದಿದ್ದರಿಂದ ವರ್ಷದ ಒಂದು ಭಾಗವನ್ನು ಅಲ್ಲಿಯೇ ಕಳೆಯಬೇಕಾಗುತ್ತದೆ. ಇದೇ ಋತುಗಳಿಗೆ ಕಾರಣವೆಂದು ಪ್ರಾಚೀನರ ನಂಬಿಕೆ. ಲ್ಯಾಟಿನ್ ಕವಿ ಓವಿಡ್ ಇದನ್ನು ಬಹು ರಮ್ಯವಾಗಿ ಹೇಳಿದ್ದಾನೆ; ಮೇರಿಯು ಅವನನ್ನು ಮೂಲದಲ್ಲಿಯೇ ಓದಿದ್ದಳು. ಓವಿಡ್ಡನಲ್ಲಿ ಪ್ಲೂಟೋವಿನ ಎದೆಗೆ ಮನ್ಮಥಬಾಣ ತಗಲುತ್ತದೆ, ರಥ ಓಡುತ್ತದೆ, ಹುಡುಗಿ ಕೂಗುತ್ತಾಳೆ. ಅಪಹರಣವೇ ಅಲ್ಲಿ ಕಣ್ಣು ಕಟ್ಟುವ ದೃಶ್ಯ.

ಮೇರಿಯ ನಾಟಕದಲ್ಲಿ ಆ ದೃಶ್ಯವೇ ಇಲ್ಲ. ಎರಡು ಅಂಕಗಳ ನಾಟಕ. ಎನ್ನ ಬಯಲೇ ರಂಗ. ದೂರದಲ್ಲಿ ಎಟ್ನಾ ಜ್ವಾಲಾಮುಖಿ. ಸೀರಿಸ್ ಮಗಳನ್ನು ಐನೋ, ಯೂನೋಯೀ ಎಂಬ ಇಬ್ಬರು ಸಖಿಯರ ಬಳಿ ಬಿಟ್ಟು, ಅವರನ್ನು ಅಗಲಿ ಹೋಗಬೇಡವೆಂದು ಎಚ್ಚರಿಸಿ ಹೊರಡುತ್ತಾಳೆ. ಹುಡುಗಿಯರು ಕಥೆ ಹೇಳಿಕೊಳ್ಳುತ್ತಾರೆ, ಹೂ ಆಯುತ್ತ ಬೇರೆಬೇರೆಯಾಗುತ್ತಾರೆ. ಅಷ್ಟೆ. ಮರುಕ್ಷಣ ಸಖಿಯರು ಕೂಗುತ್ತಿದ್ದಾರೆ, ಪ್ರಾಸರ್ಪೈನ್ ಇಲ್ಲ. ತಾಯಿ ಹಿಂದಿರುಗುತ್ತಾಳೆ, ಮಗಳಿಲ್ಲ. ಮಗು ಸತ್ತ ಮನೆಯಲ್ಲಿ ನಡೆಯುವುದೂ ಇಷ್ಟೇ ಅಲ್ಲವೆ? ಈಗ ಇತ್ತು, ಈಗ ಇಲ್ಲ. ಕೊಂಡೊಯ್ದವನನ್ನು ಯಾರೂ ಕಾಣಲಾರರು.

ಎರಡನೆಯ ಅಂಕದಲ್ಲಿ ಭೂಮಿ ಬರಡಾಗಿದೆ. ಚಿಲುಮೆಯ ದೇವತೆಯಾದ ಅರೆಥೂಸ ಬಂದು ತಾನು ಕಂಡದ್ದನ್ನು ತಿಳಿಸುತ್ತಾಳೆ. ಈ ಅರೆಥೂಸಳೂ ಹಿಂದೊಮ್ಮೆ ತನ್ನನ್ನು ಬೆನ್ನಟ್ಟಿದ ನದೀದೇವನಿಂದ ಓಡಿ ಬಂದವಳೆಂಬುದನ್ನು ಮರೆಯಬಾರದು. ನೊಂದವಳೇ ನೊಂದವಳಿಗೆ ಸುದ್ದಿ ತಂದಿದ್ದಾಳೆ. ಸೀರಿಸ್ ಜೋವ್‌ನಿಗೆ ಮೊರೆಯಿಡುತ್ತಾಳೆ. ಜೋವ್ ರಂಗಕ್ಕೆ ಬರುವುದಿಲ್ಲ. ಅವನ ಆಜ್ಞೆಯನ್ನು ದೂತಿಯಾದ ಐರಿಸ್ ತರುತ್ತಾಳೆ. ಪ್ಲೂಟೋ ಕೂಡ ಬರುವುದಿಲ್ಲ. ದಾಳಿಂಬೆ ತಿಂದ ಸಂಗತಿಯನ್ನು ಚಾಡಿ ಹೇಳಲು ಅಸ್ಕಾಲಫಸ್ ಎಂಬ ಪ್ರೇತವೊಂದು ಬರುತ್ತದೆ. ಇಡೀ ನಾಟಕದಲ್ಲಿ ಗಂಡುದನಿಯೆಂದರೆ ಆ ಪ್ರೇತದ್ದು. ಸ್ತ್ರೀಯರ ಭಾಗ್ಯವನ್ನು ನಿರ್ಣಯಿಸುವವರು ಕಣ್ಣಿಗೆ ಕಾಣದೆ ಎಲ್ಲಿಯೋ ಕುಳಿತಿರುತ್ತಾರೆ, ಅವರ ಅಪ್ಪಣೆ ಮಾತ್ರ ಬಂದು ತಲಪುತ್ತದೆ. ಲೇಡಿ ಮೌಂಟ್ ಕ್ಯಾಷಲ್ ಆಗಲಿ ಕ್ಲೇರ್ ಆಗಲಿ ಇದನ್ನು ಓದಿದ್ದರೆ ಅವರಿಗೆ ಭಾಷ್ಯ ಬೇಕಾಗುತ್ತಿರಲಿಲ್ಲ. ಒಂದು ಹಣ್ಣಿನ ನೆವದಿಂದ ಮಗಳನ್ನು ತಾಯಿಗೆ ಕೊಡದಿರುವ ಈ ಪ್ರಸಂಗವನ್ನೂ, ಕಾಯಿಪಾಯಿಯ ನೆವದಿಂದ ಅಲೆಗ್ರಾಳನ್ನು ಕಳುಹಿಸದಿದ್ದ ಬೈರನ್ನನ ಮಾತನ್ನೂ ಜೊತೆಯಲ್ಲಿಟ್ಟು ನೋಡಿದಾಗ ಆಶ್ಚರ್ಯವಾಗುತ್ತದೆ. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾನು ಹೇಳುವುದಿಲ್ಲ. ಎರಡೂ ಒಂದೇ ವಸಂತದ ಮಾತುಗಳು.

ನಾಟಕದ ಜೀವಾಳ ಕೊನೆಯಲ್ಲಿದೆ. ಮಗಳು ಪಾತಾಳಕ್ಕೆ ಹಿಂದಿರುಗಬೇಕೆಂದಾಗ ಸೀರಿಸ್ ಅಳುತ್ತ ಕೂಡುವುದಿಲ್ಲ. ಹಾಗಾದರೆ ತಾನೂ ಜೊತೆಯಲ್ಲಿ ಪಾತಾಳಕ್ಕೆ ಇಳಿಯುತ್ತೇನೆ, ಭೂಮಿಯು ಬರಡಾಗಿಯೇ ಇರಲಿ ಎನ್ನುತ್ತಾಳೆ. ಸಖಿಯರೂ ತಾವೂ ಬರುತ್ತೇವೆನ್ನುತ್ತಾರೆ. ಆ ಮೇಲೆಯೇ ವರ್ಷದಲ್ಲಿ ಅರ್ಧವನ್ನು ತಾಯಿಗೆ ಬಿಟ್ಟುಕೊಡುವ ತೀರ್ಪು ಮೇಲಿನಿಂದ ಬರುವುದು. ನಮ್ಮ ಸಾವಿತ್ರಿಯು ಯಮನ ಬೆನ್ನು ಹತ್ತಿ ಮಾತಿನ ಚಾತುರ್ಯದಿಂದ ಗಂಡನನ್ನು ಮರಳಿ ಪಡೆದಳು. ಸೀರಿಸ್ಸಳಿಗೆ ಮಾತಿನಿಂದ ಏನೂ ದೊರೆಯಲಿಲ್ಲ. ದುಡಿಮೆಯನ್ನು ನಿಲ್ಲಿಸಿದ್ದರಿಂದ ಅರ್ಧ ದೊರೆಯಿತು. ಬಿ. ಎಂ. ಶ್ರೀಯವರು ಸೋಫೋಕ್ಲೀಸನ ‘ಏಜಾಕ್ಸ್’ ನಾಟಕವನ್ನು ‘ಅಶ್ವತ್ಥಾಮನ್’ ಆಗಿ ಕನ್ನಡಕ್ಕೆ ತಂದಾಗ ಗ್ರೀಕ್ ವಸ್ತುವಿಗೆ ಭಾರತದ ಹೆಸರು ಊರುಗಳನ್ನು ತೊಡಿಸಿದರೆಂಬುದನ್ನು ನಾವು ಬಲ್ಲೆವು. ಮೇರಿಯ ರೂಪಾಂತರವು ಬೇರೆ ತರಹದ್ದು: ಹೆಸರು, ಊರು, ಕಥೆ ಎಲ್ಲವನ್ನೂ ಇದ್ದಂತೆಯೇ ಇರಿಸಿ, ಮಾತನಾಡುವವರನ್ನು ಮಾತ್ರ ಬದಲಾಯಿಸಿದಳು. ಷೆಲ್ಲಿಯು ಈ ನಾಟಕಕ್ಕಾಗಿ ಎರಡು ಗೀತೆಗಳನ್ನು ಬರೆದುಕೊಟ್ಟನು. ವಿಪರ್ಯಾಸವೇನೆಂದರೆ ಬಹುಕಾಲ ನಾಟಕವನ್ನು ಯಾರಾದರೂ ನೆನೆದರೆ ಆ ಎರಡು ಗೀತೆಗಳಿಗಾಗಿಯೇ ನೆನೆಯುತ್ತಿದ್ದರು.

ಮುಂದಿನದನ್ನು ಬೇಗನೆ ಹೇಳುತ್ತೇನೆ. ಅಲೆಗ್ರಾಳನ್ನು 1821ರಲ್ಲಿ ಬೈರನ್ ಒಂದು ಕ್ರೈಸ್ತ ಸನ್ಯಾಸಿನಿಯರ ಮಠಕ್ಕೆ ಸೇರಿಸಿದನು. ಮರುವರ್ಷ ಏಪ್ರಿಲಿನಲ್ಲಿ, ಐದು ವರ್ಷದ ಆ ಹುಡುಗಿ, ತಾಯಿಯನ್ನು ಮತ್ತೆ ಕಾಣದೆ ಅಲ್ಲಿಯೇ ಜ್ವರದಿಂದ ತೀರಿಕೊಂಡಳು. ಅದೇ 1822ರ ಜುಲೈ 8ರಂದು ಷೆಲ್ಲಿಯು ದೋಣಿ ಮುಳುಗಿ ಸತ್ತನು. ಮೇರಿಗೆ ಇಪ್ಪತ್ತನಾಲ್ಕು ವರ್ಷ, ಮಡಿಲಲ್ಲಿ ಎರಡೂವರೆ ವರ್ಷದ ಮಗ, ಕೈಯಲ್ಲಿ ಕಾಸಿಲ್ಲ.

ಆಗ ಮಾವನಾದ ಸರ್ ತಿಮೊಥಿ ಷೆಲ್ಲಿಯಿಂದ 1823ರಲ್ಲಿ ಉತ್ತರ ಬಂದಿತು. ಮಗುವನ್ನು ತಾಯಿಯಿಂದ ಬಿಡಿಸಿ ತಾನು ಒಪ್ಪುವವರ ವಶಕ್ಕೆ ಕೊಡುವುದಾದರೆ ಅದರ ಪೋಷಣೆಗೆ ಹಣ ಕೊಡುವೆನು, ಇಲ್ಲವಾದರೆ ಇಲ್ಲ. ಬೈರನ್ ಒಪ್ಪಿಕೊಳ್ಳುವುದೇ ಒಳಿತೆಂದು ಸಲಹೆ ಕೊಟ್ಟನು! ಮೇರಿಯು ಒಪ್ಪಲಿಲ್ಲ. ಮೂರು ವರ್ಷಗಳ ಹಿಂದೆ ಪದ್ಯದಲ್ಲಿ ಬರೆದ ಸಂಕಟವು ಈಗ ಆಕೆಯ ಮನೆಯ ಮುಂದೆಯೇ ಬಂದು ನಿಂತಿತ್ತು. ಆಕೆಯು ಮಗನೊಡನೆ ಇಂಗ್ಲೆಂಡಿಗೆ ಮರಳಿದಳು. ಮುದುಕನು ಕೊನೆಗೆ ವರ್ಷಕ್ಕೆ 100 ಪೌಂಡುಗಳನ್ನು ಕೊಡಲೊಪ್ಪಿದನು. ಅದೂ ಮುಂದೆ ತೀರಿಸಬೇಕಾದ ಸಾಲವಾಗಿ, ಷೆಲ್ಲಿಯ ಹೆಸರನ್ನು ಲೋಕದ ಬಾಯಿಗೆ ತರಕೂಡದೆಂಬ ಕಟ್ಟಳೆಯೊಡನೆ. ಆದ್ದರಿಂದಲೇ ಆಕೆಯ ಕಾದಂಬರಿಗಳು ‘ಫ್ರಾಂಕನ್‌ಸ್ಟೈನ್’ ಬರೆದವರಿಂದ ಎಂಬ ಗುರುತಿನಲ್ಲಿ ಹೊರಬಂದುವು. ಊರಿಗೆ ಬಂದ ಹೊಸದರಲ್ಲಿ, ಅದೇ ಆಗಸ್ಟಿನಲ್ಲಿ, ತನ್ನ ಕಾದಂಬರಿಯನ್ನು ಯಾರೋ ನಾಟಕ ಮಾಡಿ ಲಂಡನ್ನಿನಲ್ಲಿ ಆಡಿಸುತ್ತಿದ್ದುದನ್ನು ಆಕೆಯು ಹೋಗಿ ನೋಡಿದಳು. ಅದಕ್ಕೆ ಲೇಖಕಿಯ ಅಪ್ಪಣೆ ಬೇಕೆಂಬ ಕಾನೂನು ಅಂದು ಇರಲಿಲ್ಲ. ಆಕೆಯೇ ಬರೆದ ನಾಟಕಕ್ಕಾದರೋ ರಂಗದ ಮಾತಿರಲಿ, ಮುದ್ರಕನೂ ಸಿಗಲಿಲ್ಲ.

ಅದು ಅಚ್ಚಾದದ್ದು 1832ರ ‘ವಿಂಟರ್ಸ್ ರೆತ್’ ಎಂಬ ಸಂಚಿಕೆಯಲ್ಲಿ. ನಮ್ಮ ಈ ಕಾಲೇಜು ಸಂಚಿಕೆಯಂತೆಯೇ ಅದೂ ವರ್ಷಕ್ಕೊಮ್ಮೆ ಬರುತ್ತಿದ್ದದ್ದು. ಚಿತ್ರಗಳಿಂದ ಅಲಂಕೃತವಾಗಿ, ಉಡುಗೊರೆ ಕೊಡಲು ತಕ್ಕದ್ದಾಗಿ ಇರುತ್ತಿತ್ತು. ಅದಕ್ಕೆ ಹೊಂದಿಸಲು ಮೇರಿಯು ನಾಟಕದ ಐದನೆಯ ಒಂದು ಭಾಗದಷ್ಟನ್ನು ಕತ್ತರಿಸಿದಳು. ಕತ್ತರಿಸಿದ್ದರಲ್ಲಿ ಗಂಡನು ಬರೆದ ಅರೆಥೂಸಳ ಗೀತೆಯೂ ಸೇರಿತ್ತು. ಹೊಸದಾಗಿ ಸೇರಿಸಿದ್ದು ಮುಂಬರುವ ಕೇಡನ್ನು ಸೂಚಿಸುವ ಒಂದು ಕನಸು. ಹನ್ನೆರಡು ವರ್ಷಗಳ ಬದುಕು ಕಲಿಸಿದ ತಿದ್ದುಪಡಿಯಿದು.

ಮೇರಿಯನ್ನು ಸ್ತ್ರೀಸ್ವಾತಂತ್ರ್ಯದ ಹೋರಾಟಗಾರ್ತಿಯೆನ್ನಬಹುದೆ? ತಾಯಿಯಂತೆ ಆಕೆಯು ಘೋಷಣೆಯ ಗ್ರಂಥ ಬರೆಯಲಿಲ್ಲ. ಹಕ್ಕುಗಳ ಪರವಾಗಿ ತಾನು ಬಹಿರಂಗವಾಗಿ ವಾದಿಸಿಲ್ಲವೆಂದೂ, ಆದರೆ ದಬ್ಬಾಳಿಕೆಗೆ ಸಿಕ್ಕಿದ ಸ್ತ್ರೀಯರ ಕೈಯನ್ನು ಎಂದೂ ಬಿಟ್ಟಿಲ್ಲವೆಂದೂ 1838ರಲ್ಲಿ ದಿನಚರಿಯಲ್ಲಿ ಬರೆದುಕೊಂಡಳು. ಆಗ ಆಕೆಯ ಗೆಳತಿಯಾದ ಕ್ಯಾರೊಲಿನ್ ನಾರ್ಟನ್ ಎಂಬ ಲೇಖಕಿಯ ಮೂವರು ಗಂಡುಮಕ್ಕಳನ್ನು ಗಂಡನು ಆಕೆಯಿಂದ ಕಿತ್ತುಕೊಂಡಿದ್ದನು. ಕ್ಯಾರೊಲಿನ್ ಬರೆದು, ಅಚ್ಚುಹಾಕಿಸಿ, ಪಾರ್ಲಿಮೆಂಟಿನ ಸದಸ್ಯರನ್ನು ಹಿಡಿದು 1839ರಲ್ಲಿ ಒಂದು ಶಾಸನವನ್ನು ತರಿಸಿದಳು. ಏಳು ವರ್ಷದೊಳಗಿನ ಮಕ್ಕಳನ್ನು ತನ್ನ ವಶಕ್ಕೆ ಕೊಡಬೇಕೆಂದು ತಾಯಿಯೂ ನ್ಯಾಯಾಲಯವನ್ನು ಕೇಳಬಹುದೆಂದು ಅದು ಮೊದಲ ಬಾರಿಗೆ ಹೇಳಿತು. ಸೀರಿಸ್ಸಳಿಗೆ ದೊರೆತಂತೆ ಇದೂ ಪೂರ್ಣವಲ್ಲ, ಒಂದು ಭಾಗ.

ಅದೇ 1839ರಲ್ಲಿ ಷೆಲ್ಲಿಯ ಕವಿತೆಗಳ ಸಮಗ್ರ ಸಂಪುಟಗಳು ಮೇರಿಯ ಟಿಪ್ಪಣಿಗಳೊಡನೆ ಹೊರಬಂದುವು. ನಾವು ಇಂದು ಆ ಕವಿಯನ್ನು ಓದುವುದಕ್ಕೆ ಆಕೆಯ ಆ ಪರಿಶ್ರಮವೇ ತಳಹದಿ. ಮಗನನ್ನು ಹ್ಯಾರೋ ಶಾಲೆಯಲ್ಲಿ ಓದಿಸಲು ಹಣ ಸಾಲದೆ, ತಾನೇ ಆ ಊರಿಗೆ ಹೋಗಿ ಮನೆ ಮಾಡಿ, ವಸತಿಯ ವೆಚ್ಚ ಉಳಿಸಿದಳು. ಆಮೇಲೆ ಕೇಂಬ್ರಿಡ್ಜಿಗೂ ಕಳುಹಿಸಿದಳು. ಮಾವನು ತೊಂಬತ್ತು ವರ್ಷ ಬದುಕಿ 1844ರಲ್ಲಿ ತೀರಿಕೊಂಡ ಮೇಲೆಯೇ ತಾಯಿ ಮಕ್ಕಳಿಗೆ ನೆಮ್ಮದಿಯಾದದ್ದು. ಪರ್ಸಿ ಫ್ಲಾರೆನ್ಸನಲ್ಲಿ ಕವಿತ್ವದ ಗಂಧವೂ ಇರಲಿಲ್ಲ. ತಾಯಿಗೆ ಅದರಿಂದ ಕೊರತೆಯಾದಂತೆಯೂ ಕಾಣುವುದಿಲ್ಲ. ಅವನು ಕೊನೆಯವರೆಗೂ ಆಕೆಯನ್ನು ಬಿಟ್ಟು ಹೋಗಲಿಲ್ಲ.

1851ರ ಫೆಬ್ರವರಿ 1ರಂದು ಐವತ್ತಮೂರನೆಯ ವಯಸ್ಸಿನಲ್ಲಿ ಮೇರಿಯು ಲಂಡನ್ನಿನಲ್ಲಿ ನಿಧನಳಾದಳು. ಸೇಂಟ್ ಪ್ಯಾಂಕ್ರಾಸ್ ಸ್ಮಶಾನದ ದುರವಸ್ಥೆಯನ್ನು ಕಂಡ ಮಗನೂ ಸೊಸೆ ಜೇನಳೂ ಆಕೆಯನ್ನು ಅಲ್ಲಿ ಹೂಳಲು ಒಪ್ಪದೆ, ಸಮುದ್ರತೀರದ ಬೋರ್ನ್‌ಮತ್ ಊರಿನ ಸೇಂಟ್ ಪೀಟರ್ಸ್ ಚರ್ಚಿನ ಆವರಣದಲ್ಲಿ ಸ್ಥಳವನ್ನು ಗೊತ್ತುಮಾಡಿದರು. ಗಾಡ್ವಿನ್ನನ ಶವಪೆಟ್ಟಿಗೆಯನ್ನೂ, ಐವತ್ತಮೂರು ವರ್ಷಗಳ ಹಿಂದೆ ಹೂಳಿದ್ದ ಮೇರಿ ವುಲ್‌ಸ್ಟನ್‌ಕ್ರಾಫ್ಟಳ ಶವಪೆಟ್ಟಿಗೆಯನ್ನೂ ಲಂಡನ್ನಿನಿಂದ ತೆಗೆಸಿ ಅಲ್ಲಿಗೆ ತರಿಸಿದರು. ಮಗಳನ್ನು ತಾಯಿಯ ಪಕ್ಕದಲ್ಲಿ ಮಲಗಿಸಿದರು.